1:24 ಲಾರಿ ಮೇಲೆ ಗಿರಣಿ ಇಂಜಿನ್: ಒಂದೇ ಹೇರಬೇಕಾ, ಲೋಡ್ ತುಂಬಾ ಹೇರಬೇಕಾ?

ಗಾಲಿಗಾಣ (ಬೆಳಗಾವಿ):
ನಮಸ್ಕಾರ ಎಲ್ಲರಿಗೂ. ನನ್ನ ಟಾಟಾ 1210 ಲಾರಿ ಮಾಡೆಲ್ ಕೆಲಸ ಬಾಡಿವರೆಗೂ ಬಂದಿದೆ. ಅಳತೆ 1:24, ಅಂದ್ರೆ ನಿಜವಾದದ್ದಕ್ಕಿಂತ 24 ಪಾಲು ಚಿಕ್ಕದು. ಕಿಟ್ ಅಲ್ಲ, ಪ್ಲಾಸ್ಟಿಕ್ ಶೀಟ್ ಕತ್ತರಿಸಿ ಮಾಡಿದ್ದು. 4225 ಎಂಎಂ ವೀಲ್‌ಬೇಸ್ 176 ಎಂಎಂಗೆ ಇಳಿದಿದೆ, 17 ಅಡಿ ಬಾಡಿ 216 ಎಂಎಂಗೆ. ಇನ್ನು ಮೇಲೆ ಏನು ಹೇರಬೇಕು ಅನ್ನೋದೇ ಪ್ರಶ್ನೆ. ಕಬ್ಬು ಬೇಡ. ನಮ್ಮ ಕಡೆ ಲಾರಿ ಮಾಡಿದವರೆಲ್ಲ ಕಬ್ಬೇ ಹೇರುತ್ತಾರೆ. ನನಗೆ ಲೋಡೇ ನೋಡುವಂತಿರಬೇಕು.

ಮನಸ್ಸಿನಲ್ಲಿರೋದು ಗಿರಣಿ ಇಂಜಿನ್. ಎರಡೂ ಕಡೆ ದೊಡ್ಡ ಚಕ್ರ, ಹ್ಯಾಂಡಲ್ ಹಾಕಿ ತಿರುಗಿಸೋ ಲಿಸ್ಟರ್ ಮಾದರಿ. ಇಂಗ್ಲೆಂಡಿನ ಡರ್ಸ್ಲಿ ಊರಿನ ಲಿಸ್ಟರ್ ಕಂಪನಿ 1930ರ ಹೊತ್ತಿಗೆ ತಂದ ಸಿಎಸ್ ಇಂಜಿನ್ ಅದು. ಆಮೇಲೆ ರಾಜಕೋಟ್‌ನವರು ಅದೇ ನಮೂನೆ ಹಿಡಿದು ದಶಕಗಟ್ಟಲೆ ಮಾಡಿದರು. ಒಂದೇ ಸಿಲಿಂಡರ್, 6 ಎಚ್‌ಪಿ, 650 ಆರ್‌ಪಿಎಂ, ಬೋರ್ (ಸಿಲಿಂಡರಿನ ಒಳ ಅಗಲ) ನಾಲ್ಕೂವರೆ ಇಂಚು, ಸ್ಟ್ರೋಕ್ (ಪಿಸ್ಟನ್ ಓಡೋ ದೂರ) ಐದೂವರೆ ಇಂಚು. ಬೈಲಹೊಂಗಲದಲ್ಲಿ ನಮ್ಮ ಸೋದರಮಾವನ ಹಳೇ ಗಿರಣಿಯಲ್ಲಿ ಒಂದು ಇನ್ನೂ ನಿಂತಿದೆ. ಟೇಪು, ಕ್ಯಾಲಿಪರ್ ಹಿಡಿದು ಅಳತೆ ತಂದಿದ್ದೇನೆ.

1:24ರಲ್ಲಿ ಇದು ಬಹಳ ಸಲೀಸು. ಅಡಿಗೆ ಅರ್ಧ ಇಂಚು ಲೆಕ್ಕ. ಇಂಜಿನ್ ಹುಟ್ಟಿದ್ದೇ ಇಂಚಿನ ನಕ್ಷೆಯಲ್ಲಿ, ಹಾಗಾಗಿ 24 ಇಂಚಿನ ಚಕ್ರ ಸರಿಯಾಗಿ ಒಂದು ಇಂಚು ಆಗುತ್ತೆ. ಎತ್ತರ ಸುಮಾರು 40 ಇಂಚು, ಅಂದ್ರೆ 42 ಎಂಎಂ. ಹೆಬ್ಬೆರಳಿನಷ್ಟು ಎತ್ತರದಲ್ಲಿ ಡೀಸೆಲ್ ಪಂಪು, ವೇಗ ಹಿಡಿತದಲ್ಲಿಡೋ ಗವರ್ನರ್, ವಾಲ್ವ್ ಒತ್ತೋ ರಾಕರ್, ರಾಕರ್ ತಳ್ಳೋ ಪುಶ್ ರಾಡ್ ಎಲ್ಲ ಕೂರಿಸಬೇಕು. ಲಾರಿ ನಡುವೆ ಒಂದೇ ಒಂದು ಇಂಜಿನ್, ಸುತ್ತ ಮರದ ತುಂಡು, ಮೇಲೆ ಹಗ್ಗ. ಹೇಗನಿಸುತ್ತೆ?

ಲೋಕೋಪ್ರೇಮಿ (ಹುಬ್ಬಳ್ಳಿ):
ಲೋಡೇ ಕಾಣಬೇಕು ಅಂದ್ರೆ ರೈಲಿನ ಇಂಜಿನ್ನೇ ಹೇರಿ ಸರ್. ಆಲ್ಕೋ 251. 16 ಸಿಲಿಂಡರ್, ವಿ ಆಕಾರ, ಬೋರ್ 9 ಇಂಚು, ಸ್ಟ್ರೋಕ್ ಹತ್ತೂವರೆ. ಡಬ್ಲ್ಯೂಡಿಎಂ-2 ಲೋಕೋದಲ್ಲಿ 2600 ಎಚ್‌ಪಿ ಕೊಡ್ತಿತ್ತು. ಒಂದು ಬದಿಗೆ ಎಂಟು ಹೆಡ್ (ಸಿಲಿಂಡರಿನ ತಲೆ), ಎಂಟು ಮುಚ್ಚಳ. ಮಾಡಿದ್ರೆ ಇಂಥದ್ದು ಮಾಡಬೇಕು.

ಗಾಲಿಗಾಣ (ಬೆಳಗಾವಿ):
ಅದನ್ನ ಹೊರೋದಕ್ಕೆ ಮೊದಲು ಲೋಬೆಡ್ ಟ್ರೇಲರ್ ಕಟ್ಟಬೇಕಾಗುತ್ತೆ ಸರ್. 1210 ಮೇಲೆ ಇಟ್ರೆ ನೋಡಿದವರು ನಗ್ತಾರೆ.

ಲಾರಿಮನೆ (ಇಳಕಲ್):
ನಗೋದು ಬಂತಲ್ಲ, ಅದಕ್ಕೇ ಹೇಳ್ತೀನಿ ಅಣ್ಣಾ. 1210 ಮೇಲೆ ಒಂದೇ ಗಿರಣಿ ಇಂಜಿನ್ ಹಾಕಿದ್ರೂ ಲಾರಿಯವರು ನಗ್ತಾರೆ. ನಮ್ಮ ಮನೇಲಿ ಎರಡು ತಲೆಮಾರಿನಿಂದ ಲಾರಿ ಇದೆ. ಏಳೆಂಟು ಟನ್ ಹೊರೋ ಗಾಡಿ ಮುನ್ನೂರು ಚಿಲ್ಲರೆ ಕೆಜಿ ಹೊತ್ತುಕೊಂಡು ಯಾಕೆ ಹೋಗುತ್ತೆ? ಬಾಡಿಗೆ ಡೀಸೆಲ್‌ಗೂ ಸಾಲದು. ಒಂದೇ ಇಂಜಿನ್ ಆದ್ರೆ ಟಾಟಾ 407 ಸಣ್ಣ ಲಾರಿ ಸಾಕು. ಇಲ್ಲಾ ಟ್ರ್ಯಾಕ್ಟರ್ ಟ್ರೇಲರ್.

ಇನ್ನೊಂದು ವಿಷಯ. ಲಾರಿ ಮಾಡೆಲ್ ಮಾಡೋರು ಲೋಡ್ ಹಾಕಿದ ತಕ್ಷಣ ಹಿಂದಿನ ಪಾಟಾ (ಪಟ್ಟಿ ಸ್ಪ್ರಿಂಗ್) ಪೂರ್ತಿ ಬಗ್ಗಿಸಿಬಿಡ್ತಾರೆ. ಒಂದು ಇಂಜಿನ್‌ಗೆ ಪಾಟಾ ಕದಲೋದೂ ಇಲ್ಲ. ಹಿಂದೆ ಎರಡು ಸೆಟ್ ಇರುತ್ತೆ ನೋಡಿ, ಕೆಳಗೆ ಮುಖ್ಯ ಪಾಟಾ, ಮೇಲೆ ಹೆಲ್ಪರ್. ಖಾಲಿ ಗಾಡಿಯಲ್ಲಿ ಹೆಲ್ಪರ್‌ನ ಎರಡೂ ತುದಿಗೂ ಚಾಸಿ ಬ್ರ್ಯಾಕೆಟ್‌ಗೂ ನಡುವೆ ಸಂದು ಕಾಣುತ್ತೆ. ಬೆರಳು ತೂರಿಸಬಹುದು. ಲೋಡ್ ಬಿದ್ದಾಗ ಮುಖ್ಯ ಪಾಟಾ ಚಪ್ಪಟೆಯಾಗಿ, ಹೆಲ್ಪರ್ ತುದಿ ಹೋಗಿ ಬ್ರ್ಯಾಕೆಟ್‌ಗೆ ಒತ್ತುತ್ತೆ. ಆ ಸಂದು ಇದೆಯೋ ಇಲ್ಲವೋ ನೋಡಿದ್ರೆ ಸಾಕು, ಲೋಡ್ ಎಷ್ಟಿದೆ ಅಂತ ಗೊತ್ತಾಗುತ್ತೆ.

ಗಾಲಿಗಾಣ (ಬೆಳಗಾವಿ):
ಪಾಟಾ ಇನ್ನೂ ಅಂಟಿಸಿಲ್ಲ ಅಣ್ಣಾ, ಒಳ್ಳೇದಾಯ್ತು. ಆದ್ರೆ 407 ಆಗಲ್ಲ, ಲಾರಿ ಆಗಲೇ ತಯಾರಾಗಿದೆ. ಹಾಗಾದ್ರೆ ಇಂಜಿನ್ ಜಾಸ್ತಿ ಮಾಡೋದೇ. 1990ರ ದಶಕ ಅಂದುಕೊಳ್ಳೋಣ. ರಾಜಕೋಟ್‌ನಿಂದ ಹೊಸ ಇಂಜಿನ್ ತುಂಬಿಕೊಂಡು ಪುಣೆ, ಕೊಲ್ಹಾಪುರ, ನಿಪ್ಪಾಣಿ ಮೇಲೆ ಬೆಳಗಾವಿಗೆ ಬರ್ತಿರೋ ಗಾಡಿ. ಎಷ್ಟು ಹಿಡಿಯುತ್ತೆ?

ಲಾರಿಮನೆ (ಇಳಕಲ್):
ತೂಕದ ಲೆಕ್ಕದಲ್ಲಿ ಇಪ್ಪತ್ತು ಹಾಕಿದ್ರೂ ಆರೂವರೆ ಟನ್ ಮೇಲೆ ಸ್ವಲ್ಪ. ಜಾಗದ್ದೇ ತೊಂದರೆ. ಚಕ್ರ ಕಳಚಿ ಬೇರೆ ನಿಲ್ಲಿಸಿದ್ರೆ ಇಂಜಿನ್ ಒತ್ತೊತ್ತಾಗಿ ಕೂರುತ್ತವೆ. ಕ್ರ್ಯಾಂಕ್ ಶಾಫ್ಟ್‌ಗೂ ಪೆಟ್ಟು ಬೀಳಲ್ಲ.

ಗಾಲಿಗಾಣ (ಬೆಳಗಾವಿ):
ಚಕ್ರ ಕಳಚಿದ್ರೆ ಅಂದವೇ ಹೋಯ್ತಲ್ಲ. ಆರು ಕಡ್ಡಿಯ ಆ ಚಕ್ರಕ್ಕಾಗಿಯೇ ಈ ಇಂಜಿನ್ ಆರಿಸಿದ್ದು.

ಹೊಸಬ (ಬಾಗಲಕೋಟೆ):
ಅಣ್ಣಾ, ನಾನು ಡಿಪ್ಲೊಮಾ ಎರಡನೇ ವರ್ಷ. ಲಿಸ್ಟರ್ ಯಾಕೆ, ಕಿರ್ಲೋಸ್ಕರ್ ಎವಿ1 ಮಾಡಬಹುದಲ್ಲ? ನಮ್ಮ ಹೊಲದಲ್ಲಿ ಅದೇ ಇತ್ತು. 80 ಎಂಎಂ ಬೋರ್, 110 ಎಂಎಂ ಸ್ಟ್ರೋಕ್, 1500 ಆರ್‌ಪಿಎಂ. ಅದೂ ನಮ್ಮ ಬೆಳಗಾವಿ ಹೆಸರೇ ಅಲ್ವಾ?

ಗಾಲಿಗಾಣ (ಬೆಳಗಾವಿ):
ಹೆಸರಿನ ಮಾತು ನಿಜ. ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಸೈಕಲ್ ಅಂಗಡಿ ಇಟ್ಟಿದ್ದು ಬೆಳಗಾವಿಯಲ್ಲೇ. ಕಬ್ಬಿಣದ ನೇಗಿಲು ಮಾಡಿದ್ದೂ ಇಲ್ಲೇ. 1910ರಲ್ಲಿ ಕಿರ್ಲೋಸ್ಕರ್‌ವಾಡಿಗೆ ಹೋದರು. ಊರಲ್ಲಿ ಅವರ ಹೆಸರಿನ ರಸ್ತೆ ಈಗಲೂ ಇದೆ. ಆದ್ರೆ ಎವಿ1 ಚಕ್ರ ಬರೀ ತಟ್ಟೆ ತಮ್ಮಾ. ಕಡ್ಡಿ ಇಲ್ಲ, ಆ ಕಡೆಯಿಂದ ಈ ಕಡೆ ಕಾಣೋದಿಲ್ಲ. ಮಾಡೆಲ್ ಮಾಡೋನಿಗೆ ಸಪ್ಪೆ.

ಪ್ಯಾಟರ್ನ್ ಕಾಕಾ (ಉದ್ಯಮಬಾಗ, ಬೆಳಗಾವಿ):
ಓದ್ತಾ ಇದ್ದೆ. ನಾನು ಫೌಂಡ್ರಿಗೆ ಪ್ಯಾಟರ್ನ್ (ಎರಕದ ಅಚ್ಚಿಗೆ ಬೇಕಾದ ಮಾದರಿ) ಮಾಡಿಯೇ ನಿವೃತ್ತನಾದವನು. ಇಂಜಿನ್ ಹತ್ತಾಗಲಿ ಇಪ್ಪತ್ತಾಗಲಿ, ಮಾಡಬೇಕಾಗಿರೋದು ಒಂದೇ. ಒಂದು ಮಾಸ್ಟರ್, ಅಂದ್ರೆ ಮೂಲ ಮಾದರಿ ಮಾಡಿ ಸಿಲಿಕೋನ್ ರಬ್ಬರಿನ ಅಚ್ಚು ತೆಗೀರಿ. ಅದಕ್ಕೆ ರೆಸಿನ್ (ಗಟ್ಟಿಯಾಗೋ ದ್ರವ ಪ್ಲಾಸ್ಟಿಕ್) ಸುರೀರಿ. ಹನ್ನೆರಡು ಇಂಜಿನ್ ಕೈಯಲ್ಲೇ ಮಾಡ್ತೀನಿ ಅಂದ್ರೆ ಹನ್ನೆರಡೂ ಬೇರೆ ಬೇರೆ ಮುಖ ಆಗ್ತವೆ. ಕಾರ್ಖಾನೆಯಿಂದ ಬಂದ ಲೋಡ್ ಹಾಗೆ ಕಾಣಬಾರದು.

ಮಾಸ್ಟರ್ ಬಿಡಿ ಬಿಡಿಯಾಗಿ ಮಾಡಬೇಕು. ಕ್ರ್ಯಾಂಕ್‌ಕೇಸ್ ಒಂದು, ಸಿಲಿಂಡರ್ ಮತ್ತು ಹೆಡ್ ಸೇರಿ ಒಂದು, ಚಕ್ರ ಒಂದು. ಪುಶ್ ರಾಡ್, ಡೀಸೆಲ್ ಪೈಪು, ಲಿವರ್ ಇವನ್ನ ಅಚ್ಚಿಗೆ ಹಾಕಬೇಡಿ. ತೆಳ್ಳಗಿನದು ಅಚ್ಚಿನಲ್ಲೇ ಮುರಿಯುತ್ತೆ. ಅವೆಲ್ಲ ಆಮೇಲೆ ತಂತಿಯಲ್ಲಿ.

ಚಕ್ರ ಹೇಗೆ ಮಾಡ್ತೀಯಾ ಮೊದಲು ಹೇಳು.

ಗಾಲಿಗಾಣ (ಬೆಳಗಾವಿ):
ಕಾಕಾ, ಚಕ್ರಕ್ಕೆ ವೈರಿಂಗ್‌ನವರು ಹಾಕೋ 25 ಎಂಎಂ ಪಿವಿಸಿ ಪೈಪ್ ತಂದಿದ್ದೇನೆ. ಬೇಕಾಗಿರೋದು 25.4. ಆ ವ್ಯತ್ಯಾಸ ಕಣ್ಣಿಗೆ ಬೀಳಲ್ಲ. ಎರಡೂವರೆ ಇಂಚಿನ ರಿಮ್ ಅಗಲಕ್ಕೆ 2.6 ಎಂಎಂ ಉಂಗುರ ಕೊಯ್ದು, ಗಾಜಿನ ಮೇಲೆ ನೀರುಕಾಗದ (ನೀರು ಹಾಕಿ ಉಜ್ಜೋ ಮರಳುಕಾಗದ) ಇಟ್ಟು ಎರಡೂ ಮುಖ ಸಪಾಟ ಮಾಡೋದು. ಹಬ್‌ಗೆ ಪ್ಲಾಸ್ಟಿಕ್ ಕೊಳವೆ. ಕಡ್ಡಿಗೆ 1.3 ಎಂಎಂ ಪಟ್ಟಿ, ಅಂಚು ಕೆರೆದು ದುಂಡಗೆ ಮಾಡಿದ್ದು.

ಕಡ್ಡಿ ಕೂರಿಸೋಕೆ ಕಾಗದದ ಮೇಲೆ ಕಂಪಾಸಿನಲ್ಲಿ ವೃತ್ತ ಎಳೆದು, ಅದೇ ಅಳತೆಯಲ್ಲಿ ಸುತ್ತ ಆರು ಗುರುತು ಹಾಕಿದ್ದೇನೆ. ಶಾಲೆಯಲ್ಲಿ ಕಲಿಸಿದ್ದೇ. ಮೇಲೆ ಸೆಲ್ಲೋ ಟೇಪು ತಿರುಗಿಸಿ ಅಂಟಿಸಿ, ರಿಮ್ಮು, ಹಬ್ಬು ಒತ್ತಿಟ್ಟರೆ ಅಲುಗಾಡಲ್ಲ. ಅಂಟು ಮಾತ್ರ ಸೂಪರ್ ಗ್ಲೂ. ಪ್ಲಾಸ್ಟಿಕ್ ಮಾಡೆಲ್‌ಗೆ ಹಾಕೋ ತೆಳು ಅಂಟು ಪಿವಿಸಿಯನ್ನ ಹಿಡಿಯಲ್ಲ.

ಪ್ಯಾಟರ್ನ್ ಕಾಕಾ (ಉದ್ಯಮಬಾಗ, ಬೆಳಗಾವಿ):
ಭೇಷ್. ಇನ್ನೊಂದು ಮಾಡು. ಕಡ್ಡಿ ರಿಮ್ಮಿಗೆ ಸೇರೋ ಮೂಲೆಯಲ್ಲಿ ಪುಟ್ಟಿ ತುಂಬಿ ಸಣ್ಣ ದುಂಡು ಕೊಡು. ಬೀಡಿನ ಎರಕದಲ್ಲಿ ಚೂಪಾದ ಒಳಮೂಲೆ ಬಿಡೋದಿಲ್ಲ. ಕಬ್ಬಿಣ ತಣ್ಣಗಾಗುವಾಗ ಅಲ್ಲೇ ಬಿರುಕು ಬಿಡುತ್ತೆ. ಮೂಲೆ ಚೂಪಾಗಿದ್ರೆ ಎಷ್ಟೇ ಚೆಂದ ಬಣ್ಣ ಹೊಡೆದ್ರೂ ಅದು ಪ್ಲಾಸ್ಟಿಕ್ ಪಟ್ಟಿ ಅಂತ ಗೊತ್ತಾಗುತ್ತೆ. ದುಂಡು ಕೊಟ್ರೆ ಎರಕ ಅನಿಸುತ್ತೆ. ಕ್ರ್ಯಾಂಕ್‌ಕೇಸಿಗೂ ಇದೇ ಮಾತು. ಹೊರಮೈ ಪೂರ್ತಿ ನುಣುಪು ಮಾಡಬೇಡ, ಮರಳಿನ ಅಚ್ಚಿನ ತರಿ ಸ್ವಲ್ಪ ಇರಲಿ. ಬ್ರಶ್ಶಿನಿಂದ ತೆಳ್ಳಗಿನ ಪುಟ್ಟಿ ಕುಟ್ಟಿ ಕುಟ್ಟಿ ಬಿಟ್ರೆ ಬರುತ್ತೆ. ರಿಮ್ಮಿನ ಹೊರಮುಖ ಮಾತ್ರ ಲೇಥಿಗೆ ಹಾಕಿದ್ದು, ಅದು ಫಳಫಳ ಇರಬೇಕು.

ಅಚ್ಚು ಎರಡು ಭಾಗದ್ದೇ ಮಾಡು. ಡಬ್ಬಿಯಲ್ಲಿ ಆಟದ ಜೇಡಿ ಹಾಕಿ, ಮಾಸ್ಟರ್ ಅರ್ಧದವರೆಗೆ ಹೂಳು. ಸುತ್ತ ಪೆನ್ನಿನ ಹಿಂಬದಿಯಿಂದ ನಾಲ್ಕು ಕುಳಿ ಒತ್ತು. ಸಿಲಿಕೋನ್ ಸುರಿ. ಗಟ್ಟಿಯಾದ ಮೇಲೆ ತಿರುಗಿಸಿ ಜೇಡಿ ತೆಗೆದು, ಸಿಲಿಕೋನ್ ಮೈಗೆಲ್ಲ ತೆಳ್ಳಗೆ ವ್ಯಾಸಲಿನ್ ಸವರಿ ಇನ್ನರ್ಧ ಸುರಿ. ವ್ಯಾಸಲಿನ್ ಒಂದು ಕಡೆ ಬಿಟ್ರೂ ಎರಡೂ ಒಂದಾಗಿಬಿಡುತ್ತೆ, ಚಾಕು ಹಾಕೇ ಬಿಡಿಸಬೇಕು. ಫೌಂಡ್ರಿಯಲ್ಲಿ ಅಚ್ಚಿನ ಮೇಲಿನ ಅರ್ಧ ಕೋಪು, ಕೆಳಗಿನ ಅರ್ಧ ಡ್ರ್ಯಾಗು ಅಂತೀವಲ್ಲ, ಇದೇ ಅದು. ಮರಳಿನ ಬದಲು ರಬ್ಬರು, ಅಷ್ಟೇ. ನಮ್ಮಲ್ಲಿ ಬೀಡು ತಣ್ಣಗಾದಾಗ ನೂರಕ್ಕೆ ಸುಮಾರು ಒಂದು ಪಾಲು ಕುಗ್ಗುತ್ತೆ ಅಂತ ಪ್ಯಾಟರ್ನ್ ದೊಡ್ಡದು ಮಾಡ್ತಿದ್ವಿ. ನಿನಗೆ ಆ ತಾಪತ್ರಯ ಇಲ್ಲ. ಈ ಗಾತ್ರಕ್ಕೆ ರೆಸಿನ್ ಕುಗ್ಗೋದು ಲೆಕ್ಕಕ್ಕೆ ಬರಲ್ಲ.

ರೆಸಿನ್ ಕೆಳಗಿಂದ ತುಂಬಿಕೊಂಡು ಬರಲಿ, ಗಾಳಿ ಮೇಲಿಂದ ಹೋಗಲಿ. ಸುರಿಯುವಾಗ ಚಕ್ರದ ಅಚ್ಚನ್ನ ನಿಲ್ಲಿಸಿ ಇಡು, ಮಲಗಿಸಬೇಡ. ಗಾಳಿಗೆ ದಾರಿ ರಿಮ್ಮಿನ ನೆತ್ತಿಯಲ್ಲಿ ಕೊಯ್ದರೆ ಗುಳ್ಳೆ ಅಲ್ಲೇ ಹೊರಗೆ ಹೋಗುತ್ತೆ. ಸುರಿಯೋ ಮೊದಲು ಅಚ್ಚಿಗೆ ಮಕ್ಕಳ ಪೌಡರ್ ಉದುರಿಸಿ ಕೊಡವಿಬಿಡು. ಮೂಲೆ ಮೂಲೆಗೂ ರೆಸಿನ್ ಹರಿಯುತ್ತೆ.

ರೆಸಿನ್‌ಮನುಷ್ಯ (ಅಥಣಿ):
ಕಾಕಾ ಹೇಳಿದ್ದೆಲ್ಲ ಸರಿ. ಆದ್ರೆ ಇಷ್ಟೆಲ್ಲ ಯಾಕೆ? ಕಂಪ್ಯೂಟರ್‌ನಲ್ಲಿ ಒಂದು ಸಲ ಬರೆದು ತ್ರೀಡಿ ಪ್ರಿಂಟರ್‌ಗೆ ಹಾಕಿದ್ರೆ ರಾತ್ರಿ ಮಲಗಿ ಬೆಳಗ್ಗೆ ಎದ್ದಾಗ ಪೂರ್ತಿ ಸೆಟ್ ತಯಾರು. ಪುಶ್ ರಾಡ್ ಸಮೇತ.

ಗಾಲಿಗಾಣ (ಬೆಳಗಾವಿ):
ಸರ್, ಪ್ರಿಂಟ್ ಬೇಡ ಅನ್ನೋ ಹಟ ಇಲ್ಲ. ಕಂಪ್ಯೂಟರ್‌ನಲ್ಲಿ ಬರೆಯೋ ಹೊತ್ತಿಗೆ ನಾನು ಕೈಯಲ್ಲಿ ಮಾಡಿ ಮುಗಿಸಿರ್ತೀನಿ. ಕೈಯಲ್ಲಿ ಮಾಡೋದೇ ಖುಷಿ. ಮತ್ತೆ 0.5 ಎಂಎಂ ಪುಶ್ ರಾಡ್ ರೆಸಿನ್‌ನಲ್ಲಿ ಬಂದ್ರೂ ಬಾಳಲ್ಲ. ಸ್ಟೀಲ್ ತಂತಿ ಕತ್ತರಿಸಿ ಹಾಕಿದ್ರೆ ಬಣ್ಣವೂ ಬೇಡ, ಅದೇ ಹೊಳಪು.

ರೆಸಿನ್‌ಮನುಷ್ಯ (ಅಥಣಿ):
ತಂತಿ ಒಪ್ಪಿದೆ. ಚಕ್ರದ ರಿಮ್ಮಿಗೂ ಪ್ರಿಂಟ್ ಬೇಡ. ಓರೆಯಾಗಿ ಬೆಳಕು ಬಿದ್ರೆ ಪದರದ ಗೆರೆ ಕಾಣುತ್ತೆ, ನನ್ನದರಲ್ಲೇ ಕಾಣ್ತಿದೆ. ಡೀಸೆಲ್ ಪಂಪ್ ಮತ್ತು ಗವರ್ನರ್ ಲಿವರ್ ಬೇಕಿದ್ರೆ ಹೇಳಿ, ಮಾಡಿ ಕಳಿಸ್ತೀನಿ.

ಹೊಸಬ (ಬಾಗಲಕೋಟೆ):
ನಟ್ ಹೇಗೆ ಮಾಡ್ತೀರಿ ಅಣ್ಣಾ? ಆಮದು ಪ್ಲಾಸ್ಟಿಕ್ ಕಡ್ಡಿ ಬೆಲೆ ನೋಡಿ ತಲೆ ತಿರುಗ್ತು.

ಗಾಲಿಗಾಣ (ಬೆಳಗಾವಿ):
ಆಮದು ಮಾಲು ಬೇಡ ತಮ್ಮಾ. ಅಲೆನ್ ಸ್ಕ್ರೂ ಇರುತ್ತಲ್ಲ, ಅದರ ತಲೆಯಲ್ಲಿ ಆರು ಮೂಲೆಯ ಕುಳಿ ಇದೆ. ಹಳೇ ಕಿಟ್ ಚೌಕಟ್ಟಿನ ಪ್ಲಾಸ್ಟಿಕ್ ಕಡ್ಡಿಯ ತುದಿಯನ್ನ ಮೇಣದಬತ್ತಿ ಹತ್ತಿರ ಹಿಡಿದು ಮೆತ್ತಗೆ ಮಾಡು, ಜ್ವಾಲೆಗೆ ತಾಗಿಸಬೇಡ. ಕುಳಿಗೆ ಒತ್ತಿ, ತಣ್ಣಗಾದ ಮೇಲೆ ಎಳೆ. ಆರು ಮೂಲೆಯ ಕಡ್ಡಿ ಸಿಗುತ್ತೆ, ಬ್ಲೇಡಿನಿಂದ ತೆಳ್ಳಗೆ ಕೊಯ್ದರೆ ನಟ್. ಹೆಡ್‌ನ ದೊಡ್ಡ ನಟ್‌ಗೆ 1.2 ಎಂಎಂ ಬೇಕು, ಅದಕ್ಕೆ ತಕ್ಕ ಸಣ್ಣ ಸ್ಕ್ರೂ ಹುಡುಕು. ಉಳಿದಂತೆ ಹಳೇ ಗುರುತಿನ ಚೀಟಿ ಕಾರ್ಡು, ಪೆನ್ನಿನ ರೀಫಿಲ್ಲು, ಮೊಬೈಲ್ ಚಾರ್ಜರ್ ವೈರಿನ ಒಳಗಿನ ತಾಮ್ರದ ಎಳೆ. ಡೀಸೆಲ್ ಪಂಪಿನಿಂದ ಇಂಜೆಕ್ಟರಿಗೆ ಹೋಗೋ ಪೈಪಿಗೆ ಆ ಎಳೆಯೇ ಸರಿ. ನಟ್ ಕೂರಿಸಿದ ಹೆಡ್ಡಿನ ಫೋಟೋ ಹಾಕಿದ್ದೇನೆ, ನೋಡು.

ಅಕ್ಕೋರು (ವಿಜಯಪುರ):
ನಾನು ಮಾಡೆಲ್ ಮಾಡೋಳಲ್ಲ. ಮಗ ಮಾಡ್ತಾನೆ, ಅವನ ಹಿಂದೆ ನಾನು ಓದ್ತೀನಿ. ನಮ್ಮ ಅಪ್ಪಾಜಿ ಗಿರಣಿ ನಡೆಸ್ತಿದ್ದರು. ನೀವು ಕೂರಿಸಿದ ಹೆಡ್ಡಿನ ಫೋಟೋದಲ್ಲಿ ರಾಕರ್ ಮೇಲೆ ಮುಚ್ಚಳ ಇದೆ. ನಮ್ಮ ಇಂಜಿನ್‌ಗೆ ಮುಚ್ಚಳ ಇರಲಿಲ್ಲ. ರಾಕರ್ ಕುಣಿಯೋದು ಬಯಲಲ್ಲೇ ಕಾಣ್ತಿತ್ತು. ಅಪ್ಪಾಜಿ ಓಡೋ ಇಂಜಿನ್‌ಗೇ ಎಣ್ಣೆ ಡಬ್ಬಿ ಹಿಡಿದು ಹನಿ ಬಿಡ್ತಿದ್ದರು. ಹೆಡ್ ಪಕ್ಕ ವಾಲ್ವ್ ತೆರೆದಿಡೋ ಒಂದು ಸಣ್ಣ ಲಿವರ್ ಇರುತ್ತೆ. ಅದನ್ನ ಎತ್ತಿಟ್ಟು ಹ್ಯಾಂಡಲ್ ತಿರುಗಿಸಿ, ಚಕ್ರಕ್ಕೆ ವೇಗ ಬಂದ ಮೇಲೆ ಬಿಟ್ಟರೆ ಇಂಜಿನ್ ಹಿಡಿಯುತ್ತೆ. ಮುಚ್ಚಿದ ವಾಲ್ವಿನ ಮೇಲೆ ಹ್ಯಾಂಡಲ್ ತಿರುಗಿಸೋಕೆ ಯಾರಿಂದಲೂ ಆಗಲ್ಲ. ಆ ಲಿವರ್ ಮರೀಬೇಡಿ.

ಗಾಲಿಗಾಣ (ಬೆಳಗಾವಿ):
ಅಕ್ಕೋರೇ, ಮಾವನ ಇಂಜಿನ್‌ಗೆ ಯಾರೋ ಮೆಕ್ಯಾನಿಕ್ ತಗಡಿನ ಮುಚ್ಚಳ ಮಾಡಿ ಹಾಕಿದ್ದಾನೆ ಅಂತ ಮಾವ ಈಗ ಫೋನಲ್ಲಿ ಹೇಳಿದರು. ಹೊಸ ಇಂಜಿನ್ ಲೋಡ್ ಅಂದ ಮೇಲೆ ಅದು ಇರಬಾರದು. ಮುಚ್ಚಳ ಹೋಯ್ತು, ರಾಕರ್ ಬಯಲಿಗೆ ಬಂತು. ಕೆಲಸ ಜಾಸ್ತಿ ಆಯ್ತು, ಚೆಂದವೂ ಜಾಸ್ತಿ ಆಯ್ತು. ನೀರಿನ ಡ್ರಮ್ಮು ಕೂಡ ಹೇರಬೇಕಾ?

ಅಕ್ಕೋರು (ವಿಜಯಪುರ):
ಬೇಡ. ಡ್ರಮ್ಮು ಗಿರಣಿಯವರು ತಾವೇ ಹೊಂದಿಸಿಕೊಳ್ತಿದ್ದರು. ಇಂಜಿನ್ ಪಕ್ಕ ಡ್ರಮ್ಮು ನಿಲ್ಲಿಸಿ, ಮೇಲೊಂದು ಕೆಳಗೊಂದು ಪೈಪು. ಬಿಸಿನೀರು ಮೇಲಿನ ಪೈಪಿನಿಂದ ಡ್ರಮ್ಮಿಗೆ, ತಣ್ಣೀರು ಕೆಳಗಿನ ಪೈಪಿನಿಂದ ಇಂಜಿನ್‌ಗೆ. ಪಂಪು ಬೇಕಾಗ್ತಿರಲಿಲ್ಲ. ಚಳಿಗಾಲದಲ್ಲಿ ಆ ಡ್ರಮ್ಮಿನ ನೀರಲ್ಲೇ ನಮ್ಮ ಸ್ನಾನ.

ಲೋಕೋಪ್ರೇಮಿ (ಹುಬ್ಬಳ್ಳಿ):
ಬಣ್ಣ ಯಾವುದು? ತುಕ್ಕು, ಮಸಿ, ಎಣ್ಣೆ ಕಲೆ ಎಲ್ಲ ಚೆನ್ನಾಗಿ ಹೊಡೆದ್ರೆ ಜೀವ ಬರುತ್ತೆ.

ಪ್ಯಾಟರ್ನ್ ಕಾಕಾ (ಉದ್ಯಮಬಾಗ, ಬೆಳಗಾವಿ):
ಹೊಸ ಇಂಜಿನ್‌ಗೆ ತುಕ್ಕು ಎಲ್ಲಿಂದ ಬರಬೇಕು? ಮಸಿ ಎಲ್ಲಿಂದ? ಅದಿನ್ನೂ ಓಡೇ ಇಲ್ಲ. ಈಗಿನ ಹುಡುಗರು ಏನು ಮಾಡಿದ್ರೂ ಮೊದಲು ತುಕ್ಕು ಹಚ್ತಾರೆ. ಲಿಸ್ಟರ್‌ನದು ಕಡು ಹಸಿರು. ಇಲ್ಲಿ ಬಂದವೂ ಹಸಿರೇ ಜಾಸ್ತಿ, ಬೂದು ಬಣ್ಣದವೂ ನೋಡಿದ್ದೇನೆ. ಹೊಳಪಿನ ಬಣ್ಣ, ಅಲ್ಲಲ್ಲಿ ದಪ್ಪಗೆ ಇಳಿದಿರಲಿ, ಕಾರ್ಖಾನೆಯಲ್ಲಿ ಅಷ್ಟು ನಾಜೂಕಾಗಿ ಯಾರೂ ಹೊಡೆಯಲ್ಲ. ಲೇಥಿಗೆ ಹಾಕಿದ ಕಡೆಯೆಲ್ಲ ಗ್ರೀಸ್: ಕ್ರ್ಯಾಂಕ್ ತುದಿ, ರಿಮ್ಮಿನ ಮುಖ. ಹೊಳಪು ವಾರ್ನಿಶಿಗೆ ಚೂರು ಹಳದಿ ಕಂದು ಬೆರೆಸಿ ಹಚ್ಚಿದ್ರೆ ಗ್ರೀಸ್. ಅದರ ಮೇಲೆ ದಾರಿಯ ಧೂಳು ಕೂತಿರಲಿ. ರಾಜಕೋಟ್‌ನಿಂದ ಬಂದಿದೆ, ಧೂಳಂತೂ ಇರಲೇಬೇಕು.

ಲಾರಿಗೆ ಬೇಕಿದ್ರೆ ತುಕ್ಕು ಹಚ್ಚು. ಹಳೇ ಗಾಡಿ ಮೇಲೆ ಹೊಸ ಮಾಲು. ಲೋಡ್ ಎದ್ದು ಕಾಣೋದು ಅದಕ್ಕೇ.

ಲಾರಿಮನೆ (ಇಳಕಲ್):
ಕಾಕಾ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಅಷ್ಟೂ ಇಂಜಿನ್ ಪೂರ್ತಿ ಮಾಡೋದೇ ಬೇಡ. ಮುಂದಿನ ಮುಕ್ಕಾಲು ಲೋಡಿಗೆ ತಾಡಪತ್ರಿ ಹೊದಿಸಿ. ಹಿಂದಿನ ಫಾಲ್ಕಾ (ಬಾಡಿಯ ಬಾಗಿಲ ಹಲಗೆ) ಇಳಿಸಿ, ತಾಡಪತ್ರಿ ಅಷ್ಟು ದೂರ ಮಡಚಿ ಇಳಿಸೋಕೆ ಶುರು ಮಾಡಿದ ಹಾಗೆ ತೋರಿಸಿ. ಕಾಣೋ ಮೂರೋ ನಾಲ್ಕೋ ಇಂಜಿನ್ ಚಕ್ರ ಸಮೇತ ಪೂರ್ತಿ ಮಾಡಿ. ಒಳಗಿನವಕ್ಕೆ ಬರೀ ರೆಸಿನ್ ಮೈ ಸಾಕು. ಆದ್ರೆ ತಾಡಪತ್ರಿ ಮೇಲೆ ಹೆಡ್‌ಗಳ ಉಬ್ಬು ಒಂದೇ ಸಾಲಿನಲ್ಲಿ ಕಾಣಬೇಕು. ಒಳಗೆ ಥರ್ಮೋಕೋಲ್ ತುಂಬಿದ್ರೆ ಮೇಲೆ ಸಪಾಟ ಆಗಿ ಹತ್ತಿಯ ಲೋಡ್ ಅನಿಸುತ್ತೆ.

ಇಂಜಿನ್ ಬುಡಕ್ಕೆ ಉದ್ದಕ್ಕೂ ಮರದ ದಿಮ್ಮಿ. ಬೀಡು ಜಾರುತ್ತೆ, ಬಾಡಿ ತಗಡಿನ ಮೇಲೆ ನೇರ ಇಡೋದಿಲ್ಲ. ಎರಡು ಇಂಜಿನ್ ನಡುವೆ ಗೋಣಿಚೀಲ ಮಡಚಿ ತುರುಕಿರ್ತಾರೆ. ಚಕ್ರ ಬೀಡಿನದು, ಒಂದಕ್ಕೊಂದು ಬಡಿದ್ರೆ ಕಡ್ಡಿ ಮುರಿದೇ ಹೋಗುತ್ತೆ. ಹಗ್ಗವನ್ನ ಕಡ್ಡಿಗೆ ಕಟ್ಟೋದಿಲ್ಲ, ಇದನ್ನ ಬಹಳ ಮಂದಿ ತಪ್ಪು ತೋರಿಸ್ತಾರೆ. ಕ್ರ್ಯಾಂಕ್‌ಕೇಸಿನ ಬುಡ ಸುತ್ತಿ ಬಾಡಿ ಕೊಂಡಿಗೆ ಬಿಗೀಬೇಕು. 20 ಎಂಎಂ ಹಗ್ಗ ನಿಮಗೆ 0.8 ಎಂಎಂ ದಾರ. ನೂಲು ದಾರಕ್ಕೆ ಮೇಣ ಸವರಿ, ಇಲ್ಲಾಂದ್ರೆ ಜುಂಜು ಎದ್ದು ಹಗ್ಗದ ಮೇಲೆ ಕೂದಲು ಬೆಳೆದ ಹಾಗೆ ಕಾಣುತ್ತೆ.

ಗಾಲಿಗಾಣ (ಬೆಳಗಾವಿ):
ಇದಂತೂ ಪಕ್ಕಾ. ನಾಲ್ಕು ಪೂರ್ತಿ, ಉಳಿದವು ತಾಡಪತ್ರಿ ಕೆಳಗೆ. ತಾಡಪತ್ರಿಗೆ ಟಿಶ್ಯೂ ಪೇಪರ್, ನೀರು ಬೆರೆಸಿದ ಫೆವಿಕಾಲ್. ಒದ್ದೆ ಇರುವಾಗಲೇ ಉಬ್ಬುಗಳ ಮೇಲೆ ಇಳಿಬಿಡೋದು.

ತೂಕದ ಒಂದು ಲೆಕ್ಕ ಹಾಕಿದೆ, ಮಜಾ ಇದೆ. ಅಳತೆ 24 ಪಾಲು ಚಿಕ್ಕದಾದ್ರೆ ತೂಕ 24ರ ಘನದಷ್ಟು, ಅಂದ್ರೆ 13,824 ಪಾಲು ಇಳಿಯುತ್ತೆ. 330 ಕೆಜಿ ಇಂಜಿನ್ 24 ಗ್ರಾಂಗೆ ಬರುತ್ತೆ. 12 ಟನ್ ತುಂಬಿದ ಲಾರಿ 870 ಗ್ರಾಂ ಹತ್ತಿರ. ಹಾಗಾಗಿ ಪಾಟಾ ತಾನಾಗಿ ಬಗ್ಗೋ ಮಾತೇ ಇಲ್ಲ, ಕೈಯಲ್ಲೇ ಬಗ್ಗಿಸಿ ಅಂಟಿಸಬೇಕು. ಹೆಲ್ಪರ್ ತುದಿ ಬ್ರ್ಯಾಕೆಟ್‌ಗೆ ತಾಗಿಸ್ತೀನಿ. 42 ಎಂಎಂ ಟಯರುಗಳ ತಳ ನೀರುಕಾಗದದಲ್ಲಿ ಸ್ವಲ್ಪ ತಿಕ್ಕಿ ಚಪ್ಪಟೆ ಮಾಡ್ತೀನಿ. ಹಿಂದಿನವು ಜಾಸ್ತಿ, ಮುಂದಿನವು ಕಡಿಮೆ.

ಈ ವಾರ ಅಚ್ಚು ತೆಗೆದು ಪಾಲಿಯುರೆಥೇನ್ ರೆಸಿನ್ ಸುರಿಯೋಣ ಅಂತಿದ್ದೇನೆ.

ರೆಸಿನ್‌ಮನುಷ್ಯ (ಅಥಣಿ):
ಈ ವಾರ? ಬೆಳಗಾವಿಯಲ್ಲಿ? ಜಿಟಿಜಿಟಿ ಮಳೆ ಹಿಡಿದಿದೆ ಅಲ್ವಾ ನಿಮಗೆ? ನಿಲ್ಲಿ ಸರ್. ಪಾಲಿಯುರೆಥೇನ್‌ಗೆ ನೀರಿನ ತೇವ ತಾಗಿದ್ರೆ ಒಳಗೇ ಗ್ಯಾಸ್ ಹುಟ್ಟುತ್ತೆ. ಇಂಜಿನ್ ಬದಲು ಬನ್ ಸಿಗುತ್ತೆ. ಡಬ್ಬಿ ಒಮ್ಮೆ ತೆರೆದ್ರೆ ಉಳಿದ ರೆಸಿನ್ ಕೂಡ ಕೆಡುತ್ತೆ. ಸಿಲಿಕೋನ್ ಅಚ್ಚು ಈಗಲೇ ತೆಗೀರಿ, ಅದಕ್ಕೇನೂ ತೊಂದರೆ ಇಲ್ಲ. ರೆಸಿನ್ ಮಳೆ ನಿಂತ ಮೇಲೆ. ಇಲ್ಲಾಂದ್ರೆ ಎಪಾಕ್ಸಿ ಹಾಕಿ, ಅದು ನಿಧಾನ, ಆದ್ರೆ ತೇವಕ್ಕೆ ಅಷ್ಟು ಹೆದರಲ್ಲ. ಯಾವುದಾದ್ರೂ ಕಿಟಕಿ ತೆರೆದು, ಕೈಗವಸು ಹಾಕಿ. ಆಮೇಲೆ ಉಜ್ಜುವಾಗ ನೀರು ಹಾಕಿ ಉಜ್ಜಿ, ಧೂಳು ಮೂಗಿಗೆ ಹೋಗಬಾರದು.

ಹೊಸಬ (ಬಾಗಲಕೋಟೆ):
ಅಣ್ಣಾ, ನಮ್ಮೂರಲ್ಲಿ ಮೋಡ ಬರುತ್ತೆ, ಮಳೆ ಬರಲ್ಲ. ಹಾಕಿದ ಬಟ್ಟೆ ಗಂಟೆಯೊಳಗೆ ಒಣಗುತ್ತೆ. ಅಚ್ಚು ತಗೊಂಡು ನಮ್ಮ ಮನೆಗೆ ಬನ್ನಿ, ಮಹಡಿ ಕೋಣೆ ಖಾಲಿ ಇದೆ. ನನಗೂ ಕಲಿಯೋಕೆ ಆಗುತ್ತೆ. ಅವ್ವ ರೊಟ್ಟಿ ಊಟ ಹಾಕ್ತಾಳೆ.

ಪ್ಯಾಟರ್ನ್ ಕಾಕಾ (ಉದ್ಯಮಬಾಗ, ಬೆಳಗಾವಿ):
ಹೋಗು ತಮ್ಮಾ. ಅಚ್ಚಿನ ಎರಡೂ ಭಾಗ ಜೋಡಿಸಿ, ಹಲಗೆ ನಡುವೆ ಇಟ್ಟು ರಬ್ಬರ್ ಬ್ಯಾಂಡ್ ಹಾಕಿಯೇ ಒಯ್ಯಿ. ಬಿಡಿ ಬಿಡಿಯಾಗಿ ಚೀಲಕ್ಕೆ ಹಾಕಿದ್ರೆ ಸಿಲಿಕೋನ್ ಸೊಟ್ಟಗಾಗಿ ಕೂರುತ್ತೆ. ಮಾಸ್ಟರ್ ಮಾತ್ರ ಒಯ್ಯಬೇಡ, ಮನೆಯಲ್ಲೇ ಇರಲಿ.

ಗಾಲಿಗಾಣ (ಬೆಳಗಾವಿ):
ಆಯ್ತು ಕಾಕಾ. ಬಾಗಲಕೋಟೆ ತಮ್ಮಾ, ಭಾನುವಾರ ಬರ್ತೀನಿ, ನಿನ್ನ ನಂಬರ್ ಖಾಸಗಿ ಸಂದೇಶದಲ್ಲಿ ಕಳಿಸು. ಅಥಣಿ ಸರ್, ಡೀಸೆಲ್ ಪಂಪು, ಗವರ್ನರ್ ಲಿವರ್ ನಾಲ್ಕು ಸೆಟ್ ಬೇಕು. ಅಳತೆ ಇವತ್ತು ರಾತ್ರಿ ಹಾಕ್ತೀನಿ.

ಇಳಕಲ್ ಅಣ್ಣಾ, ಒಂದು ಉಳಿಯಿತು. ನಂಬರ್ ಪ್ಲೇಟ್ ರಾಜಕೋಟಿನ ಜಿಜೆ-3 ಬರೆಯಲಾ, ನಮ್ಮ ಬೆಳಗಾವಿಯ ಕೆಎ-22 ಬರೆಯಲಾ?

ಲಾರಿಮನೆ (ಇಳಕಲ್):
ಎರಡೂ ನಡೆಯುತ್ತೆ. ಅಲ್ಲಿನ ಗಾಡಿಯೂ ಬರ್ತಿತ್ತು. ನಮ್ಮ ಕಡೆ ಗಾಡಿ ಇಲ್ಲಿಂದ ಬೇರೆ ಮಾಲು ಇಳಿಸಿ, ವಾಪಸ್ ಲೋಡ್ ಅಂತ ಇಂಜಿನ್ ತರ್ತಿತ್ತು. ಕೆಎ-22 ಹಾಕಿದ್ರೆ ಕ್ಯಾಬಿನ್ ಮೇಲೆ ನ್ಯಾಷನಲ್ ಪರ್ಮಿಟ್ ಅಂತ ಬರೀರಿ, ಇಲ್ಲಾಂದ್ರೆ ಮಹಾರಾಷ್ಟ್ರ ದಾಟಿ ಗುಜರಾತಿಗೆ ಹೋಗಿದ್ದು ಹೇಗೆ ಅಂತ ಇಲ್ಲೇ ಯಾರಾದ್ರೂ ಕೇಳ್ತಾರೆ. ಸ್ಟೆಪ್ನಿ ಟಯರ್ ಸವೆದಿರಲಿ.